ಓಮ್ಸ್ ಅಂಕಿ ಕುಣಿಯುತ್ತಿದೆಯೇ? ತಂತಿ ನೋಡಿ

ಕೇಳುಗರೇ, ನಮಸ್ಕಾರ. ಮಡಿಕೇರಿ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಗಳಲ್ಲಿ ಆಂಪ್ಲಿಫಯರ್, ಪಂಪ್ ಸ್ಟಾರ್ಟರ್ ರಿಪೇರಿ ಮಾಡುವವರೂ ಐಟಿಐ ಮಕ್ಕಳೂ ಕೇಳುತ್ತಿದ್ದೀರೆಂದು ನಂಬಿ ಮಾತನಾಡುತ್ತೇನೆ. ಮೇಜಿನ ಮೇಲಿಡುವ ದೊಡ್ಡ ಮಲ್ಟಿಮೀಟರಿನಲ್ಲಿ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆಯನ್ನು ಓಮ್ ಲೆಕ್ಕದಲ್ಲಿ ಅಳೆಯುವಾಗ ಅಂಕಿ ನಿಲ್ಲುವುದೇ ಇಲ್ಲ ಎಂಬ ದೂರು ಮಳೆಗಾಲ ಬಂತೆಂದರೆ ಶುರು. ನನ್ನ ಉತ್ತರ ಒಂದೇ. ಮೀಟರನ್ನು ಬೈಯುವ ಮೊದಲು ಅದರ ತಂತಿ ನೋಡಿ.

ಮೀಟರ್ ಮಾಡುವುದಿಷ್ಟು: ತನಗೆ ಗೊತ್ತಿರುವಷ್ಟು ಕರೆಂಟನ್ನು ರೆಸಿಸ್ಟರಿನೊಳಗೆ ಹಾಯಿಸಿ, ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಅಳೆದು ಭಾಗಿಸುತ್ತದೆ. ತಂತಿ, ಅದನ್ನು ಮೀಟರಿಗೆ ಸಿಕ್ಕಿಸುವ ಪಿನ್ನು, ಇನ್ನೊಂದು ತುದಿಯಲ್ಲಿ ಕೈಯಲ್ಲಿ ಹಿಡಿದು ತಾಗಿಸುವ ಪ್ರೋಬಿನ ಮೊನೆ ಎಲ್ಲದರ ರೆಸಿಸ್ಟೆನ್ಸೂ ಆ ಲೆಕ್ಕಕ್ಕೆ ಸೇರಿಬಿಡುತ್ತದೆ. ಹತ್ತು ಕಿಲೋ ಓಮ್ ಅಳೆಯುವಾಗ ಅರ್ಧ ಓಮ್ ಹೆಚ್ಚುಕಡಿಮೆಯಾದರೆ ಯಾರಿಗೂ ತಿಳಿಯದು. ಹತ್ತು ಓಮಿನಲ್ಲಿ ಅದೇ ಅರ್ಧ ಓಮ್ ನೂರಕ್ಕೆ ಐದರಷ್ಟು ತಪ್ಪು.

ಒಂದು ಕಕ್ಕಡ ತಿಂಗಳ ಮಳೆಯಲ್ಲಿ ಸುಂಟಿಕೊಪ್ಪದ ಕಡೆಯ ಅಂಗಡಿಯವರೊಬ್ಬರು ಮೀಟರನ್ನು ರೇನ್‌ಕೋಟಿನಲ್ಲಿ ಸುತ್ತಿಕೊಂಡು ಬಂದರು. ಆಂಪ್ಲಿಫಯರಿನ 0.22 ಓಮ್ ರೆಸಿಸ್ಟರ್ ಒಮ್ಮೆ 0.6, ಒಮ್ಮೆ 1.9 ತೋರಿಸುತ್ತಿತ್ತಂತೆ. "ಮೇಷ್ಟ್ರೇ, ಮೀಟರ್ ಕೆಟ್ಟಿದೆ, ಬಿಚ್ಚಿಯೂ ನೋಡಿದೆ" ಎಂದರು. ಎರಡು ಪ್ರೋಬುಗಳನ್ನು ಒಂದಕ್ಕೊಂದು ತಾಗಿಸಿ ಹಿಡಿಯಿರಿ ಎಂದೆ. ಸೊನ್ನೆಯ ಹತ್ತಿರ ನಿಲ್ಲಬೇಕಾದ ಅಂಕಿ 0.4, 1.7, 0.8 ಎಂದು ಓಡಾಡಿತು. ಮೀಟರಿಗೆ ಸಿಕ್ಕಿಸಿದ ಕಡೆ ಕಪ್ಪು ತಂತಿಯನ್ನು ಸ್ವಲ್ಪ ಅಲುಗಿಸಿದರೆ ಮೂರಕ್ಕೆ ಹಾರಿತು. ಬನಾನಾ ಪಿನ್ನನ್ನು ಎಳೆಯಬೇಕಾಗಲೇ ಇಲ್ಲ, ತಾನಾಗಿ ಜಾರಿ ಬಂತು. ಸ್ಪ್ರಿಂಗ್ ಸತ್ತಿತ್ತು, ಬುಡದಲ್ಲಿ ಹಸಿರು ಕಿಲುಬು. ಮಳೆಗಾಲದಲ್ಲಿ ಚಪ್ಪಲಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ಹಿತ್ತಾಳೆಗೆ ಕಿಲುಬು ಹಿಡಿಯುವುದಿಲ್ಲವೇ? ನನ್ನ ತಂತಿ ಸಿಕ್ಕಿಸಿದೆ, 0.2ರಲ್ಲಿ ಗಟ್ಟಿಯಾಗಿ ನಿಂತಿತು. ಆ 0.2 ತಂತಿಯದೇ, ಪ್ರೋಬುಗಳನ್ನು ತಾಗಿಸಿಟ್ಟು ರೆಲೆಟಿವ್ ಗುಂಡಿ ಒತ್ತಿದರೆ ಮೀಟರೇ ಅದನ್ನು ಮುಂದಿನ ಅಳತೆಯಿಂದ ಕಳೆಯುತ್ತದೆ. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮಹಾನುಭಾವರು ಹಿಂದಿನ ರಾತ್ರಿಯೇ ಒಳಗಿನ ಕ್ಯಾಲಿಬ್ರೇಶನ್ ಸ್ಕ್ರೂಗಳನ್ನೆಲ್ಲ, ಅಂದರೆ ಅಳತೆಯನ್ನು ಸರಿಹೊಂದಿಸಿಟ್ಟ ಸ್ಕ್ರೂಗಳನ್ನೆಲ್ಲ, ತಿರುಗಿಸಿದ್ದರು! ಅಂಕಿ ಅಲುಗಾಡುವುದು ನಿಂತಿತು, ಆದರೆ 100 ಓಮಿನ ರೆಸಿಸ್ಟರನ್ನು 93 ಎಂದು ನಿಶ್ಚಲವಾಗಿ ಸುಳ್ಳು ಹೇಳತೊಡಗಿತು. ಒಂದು ಜೊತೆ ತಂತಿಯ ಬೆಲೆಗೆ ಹೋಗುವ ರೋಗಕ್ಕೆ ಕ್ಯಾಲಿಬ್ರೇಶನ್ ಖರ್ಚು. ದಯವಿಟ್ಟು ಮುಚ್ಚಳ ಬಿಚ್ಚಬೇಡಿ, ತಂತಿ ನೋಡಿ.

ಸಮಯ ಕಡಿಮೆ ಉಳಿದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೆಗಾ ಓಮ್ ಅಳೆಯುವಾಗ ಎರಡೂ ಮೊನೆಗಳನ್ನು ಬೆರಳಿನಿಂದ ಒತ್ತಿ ಹಿಡಿಯಬೇಡಿ, ನಿಮ್ಮ ಮೈಯೂ ಪಕ್ಕದಲ್ಲಿ ಸೇರಿಕೊಳ್ಳುತ್ತದೆ. ರೆಸಿಸ್ಟರಿನ ಮೇಲಿನ ಕೊಳೆ, ತೇವ ಒರೆಸಿ. 50 ಹರ್ಟ್ಸ್ ಮನೆ ಕರೆಂಟಿನ ಗುಂಯ್‌ಗಾಟವನ್ನು ಉದ್ದ ತಂತಿ ಹಿಡಿದುಕೊಳ್ಳುತ್ತದೆ; ತಂತಿ ಗಿಡ್ಡವಿರಲಿ, ಮೀಟರ್ ನಿಧಾನದ ವೇಗದಲ್ಲಿರಲಿ. ಆಗ ಅದು ಹಲವು ಪೂರ್ಣ ಆವರ್ತಗಳ ಸರಾಸರಿ ತೆಗೆದು ಆ ಗದ್ದಲವನ್ನು ಕಳೆಯುತ್ತದೆ. ಬೋರ್ಡಿನ ಕರೆಂಟ್ ತೆಗೆದು, ಕೆಪಾಸಿಟರ್ ಖಾಲಿ ಮಾಡಿ, ರೆಸಿಸ್ಟರಿನ ಒಂದು ಕಾಲು ಬಿಡಿಸಿ ಅಳೆಯಿರಿ. ಒಂದು ಓಮಿಗಿಂತ ಕಡಿಮೆಯದಕ್ಕೆ ಕರೆಂಟಿಗೆ ಎರಡು, ವೋಲ್ಟೇಜಿಗೆ ಬೇರೆ ಎರಡು ತಂತಿ ಬಳಸುವ ನಾಲ್ಕು ತಂತಿಯ ವಿಧಾನವೇ ಸರಿ. ಅದನ್ನು ಆರಿಸಿ ಎರಡೇ ತಂತಿ ಸಿಕ್ಕಿಸಿದರೆ ಅಂಕಿ ಅಲೆದಾಡುತ್ತದೆ, ಅದಕ್ಕೂ ಮೀಟರನ್ನು ಬೈಯುವವರಿದ್ದಾರೆ.

ಇಷ್ಟೆಲ್ಲ ಆದ ಮೇಲೂ ಅಂಕಿ ನಿಲ್ಲದಿದ್ದರೆ ಮೀಟರನ್ನು ರಿಪೇರಿಗೆ ಕಳಿಸಿ. ಜೊತೆಗೆ ತಂತಿಯನ್ನೂ ಕಳಿಸಿ. ನಮಸ್ಕಾರ.