ಮಾಯಿ ಸುಗ್ಗಿಯಲ್ಲಿ ಅಳಿವೆ ಹಕ್ಕಿಗಳು ಡ್ರೆಸ್ ಚೇಂಜ್ ಮಾಡುವ ಕಥೆ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಮೈಕ್ ಕೇಳ್ತದಾ? ಆಯ್ತು. ನಾಳೆ ಬೆಳಗ್ಗೆ ನಾವೆಲ್ಲ ಉಡುಪಿ ಹತ್ತಿರದ ಕೋಡಿ ಬೆಂಗ್ರೆಗೆ ಹಕ್ಕಿ ನೋಡ್ಲಿಕ್ಕೆ ಹೋಗುವವರು, ಅದಕ್ಕೆ ಮೊದಲು ಸ್ವಲ್ಪ ಮಾತಾಡಿ ಅಂತ ಹೇಳಿದ್ರು, ನಾನು ಪ್ರೊಫೆಸರ್ ಎಲ್ಲ ಅಲ್ಲ ಮಾರಾಯ್ರೆ, ಬೈನಾಕ್ಯುಲರ್ ಕುತ್ತಿಗೆಗೆ ನೇತಾಡಿಸಿಕೊಂಡು ತಿರುಗುವವ ಅಷ್ಟೆ, ಬ್ಯಾನರಿನಲ್ಲಿ ಉಪನ್ಯಾಸ ಅಂತ ಬರೆದದ್ದು ನೋಡಿ ನನಗೇ ನಗು ಬಂತು.

ಮೊದಲು ನನ್ನ ಮರ್ಯಾದೆ ಹೋದ ಕಥೆ ಹೇಳಿಬಿಡ್ತೇನೆ. ನಾನು ಫಸ್ಟ್ ಟೈಮ್ ಜನ ಕರ್ಕೊಂಡು ಹೋದಾಗ ತಲೆಯಲ್ಲಿ ಇದ್ದದ್ದು ಒಂದೇ, ಹಕ್ಕಿ ನೋಡ್ಬೇಕಾದ್ರೆ ಬೇಗ ಏಳ್ಬೇಕು. ಆರು ಗಂಟೆಗೆ ಮುಟ್ಟಿದ್ರೆ ಹೊಳೆ ತುಂಬಿ ನಿಂತಿದೆ, ಒಂದು ಹಿಡಿ ಕೆಸರು ಕಾಣುದಿಲ್ಲ. ಎರಡು ಗರುಡ, ಒಂದು ನೀರುಕಾಗೆ, ಉಳಿದದ್ದೆಲ್ಲ ನಮ್ಮ ಮನೆ ಕಾಗೆ. ಬಂದ 18 ಜನ ನನ್ನ ಮುಖವನ್ನೇ ನೋಡ್ತಾ ಇದ್ದಾರೆ. ದಡದಲ್ಲಿ ಬುಟ್ಟಿ ಇಟ್ಕೊಂಡು ಒಬ್ರು ಅಕ್ಕ ಕೂತಿದ್ರು, ಮರ್ವಾಯಿ ಅಂದ್ರೆ ಕೆಸರಿನ ಚಿಪ್ಪುಮೀನು ಹೆಕ್ಕುವವರು, "ಎಂತ ನೋಡ್ಲಿಕ್ಕೆ ಬಂದದ್ದು ನೀವು?" ಅಂತ ಕೇಳಿದ್ರು. ಹಕ್ಕಿ ಅಂದೆ. "ನೀರು ಇಳಿಯದೆ ನಮಗೂ ಎಂತ ಸಿಗುದಿಲ್ಲ, ಅವಕ್ಕೂ ಎಂತ ಸಿಗುದಿಲ್ಲ. ಚಾ ಕುಡ್ದು ಹತ್ತು ಗಂಟೆಗೆ ಬನ್ನಿ."

ಹತ್ತು ಗಂಟೆಗೆ ನೋಡಿದ್ರೆ ಅದೇ ಜಾಗದಲ್ಲಿ ಇಡೀ ಕೆಸರಿನ ಬಯಲು, ಅದರ ತುಂಬ ಹಕ್ಕಿ. ಸ್ವರ್ಣಾ ಮತ್ತೆ ಸೀತಾ ಎರಡೂ ಹೊಳೆ ಒಟ್ಟಾಗಿ ಕಡಲು ಸೇರುವ ಅಳಿವೆ ಅದು, ಆಚೆ ದಡದಲ್ಲಿ ಹಂಗಾರಕಟ್ಟೆ. ದಿನಕ್ಕೆ ಎರಡು ಸಲ ನೀರು ಏರ್ತದೆ, ಎರಡು ಸಲ ಇಳಿತದೆ, ಆ ಟೈಮ್ ದಿವಸಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತಾ ಇರ್ತದೆ, ಹಾಗಾಗಿ ಈ ವಾರ ಸಿಕ್ಕಿದ ಹೊತ್ತಿಗೆ ಮುಂದಿನ ವಾರ ಹೋದ್ರೆ ನನ್ನ ಹಾಗೆ ಕಾಗೆ ನೋಡಿ ಬರ್ಬೇಕು. ನಾಳೆ ಏಳೂವರೆ ಅಂತ ಇಟ್ಟದ್ದು ಇಳಿತ ನೋಡಿಯೇ, ನನ್ನ ಸೋಮಾರಿತನ ಅಲ್ಲ.

ಈಗ ವಿಷಯಕ್ಕೆ ಬರುವ. ವಲಸೆ ಹಕ್ಕಿ ಅಂದ್ರೆ ಎಲ್ಲರೂ ಡಿಸೆಂಬರಿನಲ್ಲಿ ಓಡ್ತಾರೆ. ನನ್ನ ಕೇಳಿದ್ರೆ ತುಳುವಿನ ಮಾಯಿ, ಸುಗ್ಗಿ ತಿಂಗಳೇ ಬೆಸ್ಟ್, ಅಂದ್ರೆ ಮಾರ್ಚ್ ಆಚೀಚೆ. ಯಾಕೆ ಹೇಳಿ, ಅವು ವಾಪಸ್ ಊರಿಗೆ ಹೊರಡುವ ಹೊತ್ತು, ಹೊರಡುವ ಮೊದಲು ಡ್ರೆಸ್ ಚೇಂಜ್ ಮಾಡ್ತವೆ. ಬ್ರೌನ್ ಹೆಡೆಡ್ ಗಲ್ ಅಂತ ಒಂದು ಕಡಲಕ್ಕಿ ಉಂಟು, ಚಳಿಗಾಲದಲ್ಲಿ ಅದರ ತಲೆ ಬೆಳ್ಳಗೆ, ಕಣ್ಣಿನ ಹಿಂದೆ ಒಂದು ಮಸಿ ಗುರುತು ಮಾತ್ರ, ಹೆಸರಿಗೂ ಹಕ್ಕಿಗೂ ಸಂಬಂಧವೇ ಇಲ್ಲ. ಮಾರ್ಚಿನಲ್ಲಿ ಹಳೆ ಗರಿ ಉದುರಿ ಕಂದು ಗರಿ ಬರ್ತದೆ. ಕಳೆದ ವರ್ಷ ದಿಬ್ಬದ ಮೇಲೆ ಒಂದು ಹಿಂಡು ಗಾಳಿಗೆ ಮುಖ ಕೊಟ್ಟು ಕೂತಿತ್ತು, ಒಂದರ ತಲೆ ಪೂರ್ತಿ ಕಂದು ಆಗಿ ಮದುಮಗನ ಹಾಗೆ ರೆಡಿ, ಪಕ್ಕದ್ದರದ್ದು ಕೆನ್ನೆಯಲ್ಲಿ ಮಾತ್ರ ತೇಪೆ ತೇಪೆ, ಮಕ್ಕಳು ಚಾಕ್ಲೇಟ್ ಐಸ್‌ಕ್ರೀಮಿಗೆ ಮುಖ ಅದ್ದಿದ ಹಾಗೆ, ಮೂರನೆಯದ್ದಕ್ಕೆ ಇನ್ನೂ ಶುರುವೇ ಆಗ್ಲಿಲ್ಲ. ಇವು ಮರಿ ಮಾಡುದು ಟಿಬೆಟ್, ಲಡಾಖ್ ಕಡೆಯ ಸರೋವರಗಳಲ್ಲಿ. ಲಡಾಖಿನ ತ್ಸೋ ಮೊರಿರಿ ಇರುದು ಸುಮಾರು 4,500 ಮೀಟರ್ ಎತ್ತರದಲ್ಲಿ, ನಮ್ಮ ಬೆಂಗ್ರೆಯ ಮರಳು ಸಮುದ್ರಮಟ್ಟದಲ್ಲಿ. ನಮಗೆ ಆಗುಂಬೆ ಘಾಟಿ ಹತ್ತಿದ್ರೆ ಕಿವಿ ಕಟ್ತದೆ.

ಹೋಗದೆ ಇಲ್ಲೇ ಇರುವವಕ್ಕೂ ಈ ಡ್ರೆಸ್ ಹುಚ್ಚು ಉಂಟು. ಗದ್ದೆ ಬದಿಯಲ್ಲಿ ಮಣ್ಣು ಬಣ್ಣದಲ್ಲಿ ತೂಕಡಿಸುವ ಕೊಳಬಕ ಇದೆಯಲ್ಲ, ಮಳೆಗಾಲದ ಗೂಡಿಗೆ ಮೊದಲು ಅದಕ್ಕೆ ಬೆನ್ನ ಮೇಲೆ ಕಡು ಕೆಂಪು ಶಾಲು ಹೊದ್ದ ಹಾಗೆ ಗರಿ ಬರ್ತದೆ, ನೋಡಿದವರು ಇದು ಬೇರೆ ಜಾತಿ ಅಂತ ಜಗಳಕ್ಕೆ ಬರ್ತಾರೆ.

ಸಣ್ಣ ಹಕ್ಕಿಗಳಲ್ಲಿ ಸ್ಯಾಂಡ್ ಪ್ಲವರ್ ನೋಡ್ಲೇಬೇಕು. ನಾಲ್ಕು ಹೆಜ್ಜೆ ಓಡ್ತದೆ, ಗಕ್ಕಂತ ನಿಲ್ತದೆ, ಕುಕ್ತದೆ, ಪುನಃ ಓಡ್ತದೆ. ಅದು ಕಣ್ಣಿನಲ್ಲಿ ನೋಡಿ ಹಿಡಿಯುವ ಗಿರಾಕಿ, ಅದಕ್ಕೇ ಕಣ್ಣು ಅಷ್ಟು ದೊಡ್ಡದು. ಕರ್ಲ್ಯೂ ಅಂತ ಇನ್ನೊಂದು ಕೆಸರಿನ ಹಕ್ಕಿ ಉಂಟು, ಅದು ಹಾಗಲ್ಲ, ಬಗ್ಗಿದ ಉದ್ದ ಕೊಕ್ಕನ್ನು ಕೆಸರಿಗೆ ಬುಡದವರೆಗೆ ತೂರಿಸಿ ತುದಿಯಲ್ಲೇ ಹುಳ ಉಂಟಾ ಇಲ್ವಾ ತಿಳ್ಕೊಳ್ತದೆ. ಪ್ಲವರಿಗೆ ಈಗ ಎದೆ ಮೇಲೆ ಕಿತ್ತಳೆ ಬಣ್ಣ ಏರ್ಲಿಕ್ಕೆ ಶುರುವಾಗಿರ್ತದೆ.

ಇನ್ನು ನನ್ನ ಸಿಟ್ಟಿನ ವಿಷಯ. ಫೋಟೋಕ್ಕೆ ಅಂತ ಹಿಂಡಿನ ಮೇಲೆ ಓಡಿ ಹಾರಿಸ್ತಾರಲ್ಲ, ದಯವಿಟ್ಟು ಮಾಡ್ಬೇಡಿ. ಈ ತಿಂಗಳು ಅವು ತಿನ್ನುದು ಪ್ರಯಾಣದ ಕೊಬ್ಬಿಗೆ, ದೂರ ಹಾರುವ ಕೆಲವು ಜಾತಿಗಳಲ್ಲಿ ತೂಕ ಹೆಚ್ಚುಕಡಿಮೆ ಡಬಲ್ ಆಗ್ತದೆ. ಕೆಸರು ತೆರೆದಿರುದೇ ಕೆಲವು ಗಂಟೆ, ಅದರಲ್ಲಿ ನೀವು ನಾಲ್ಕು ಸಲ ಎಬ್ಬಿಸಿದ್ರೆ ಊಟವೂ ಹೋಯ್ತು, ಪೆಟ್ರೋಲೂ ಹೋಯ್ತು. ಮತ್ತೆ ಹತ್ತು ನಿಮಿಷಕ್ಕೊಮ್ಮೆ "ಸರ್ ಎಷ್ಟು ಜಾತಿ ಆಯ್ತು" ಕೇಳ್ಬೇಡಿ. ನಾಳೆ ವಾಕ್ ಅಂತ ಹೆಸರು ಮಾತ್ರ, ಎರಡು ಕಡೆ ನಿಲ್ಲುದು ಅಷ್ಟೆ, ಒಂದೊಂದು ಕಡೆ ಒಂದು ಗಂಟೆ.

ಬೈನಾಕ್ಯುಲರ್ ತಗೊಳ್ಳುವವರು 8x42 ತಗೊಳ್ಳಿ, ಅಂದ್ರೆ 8 ಪಟ್ಟು ದೊಡ್ಡದು ಮಾಡಿ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ್ದು, 12 ಪಟ್ಟಿಂದು ಕೈಯಲ್ಲಿ ನಡುಗ್ತದೆ. ಬಿಳಿ ಅಂಗಿ ಬೇಡ, ಟೊಪ್ಪಿ ಇರಲಿ. ಬೆಳಗ್ಗೆ ಪಡುವಣಕ್ಕೆ ಮುಖ ಮಾಡಿ ನಿಂತ್ರೆ ಬಿಸಿಲು ಬೆನ್ನಿಗೆ, ಬಣ್ಣ ಸರಿ ಕಾಣ್ತದೆ.

ಇನ್ನೊಂದು ಮರೆತೆ. ಮೇ ತಿಂಗಳಲ್ಲಿ ಎಲ್ಲ ಹೋದ ಮೇಲೂ ದಿಬ್ಬದಲ್ಲಿ ಬಣ್ಣ ಬಾರದ ಒಂದೆರಡು ಹಕ್ಕಿ ಉಳಿದಿರ್ತವೆ. ಪಾಪ ಹುಷಾರಿಲ್ಲ ಅಂತ ಹಿಡಿದು ತರ್ಲಿಕ್ಕೆ ಹೋಗ್ಬೇಡಿ. ಹೆಚ್ಚಾಗಿ ಅವು ಕಳೆದ ವರ್ಷದ ಮರಿಗಳು, ಮರಿ ಮಾಡುವ ಪ್ರಾಯ ಆಗ್ಲಿಲ್ಲ, ಸುಮ್ನೆ ಅಷ್ಟು ದೂರ ಯಾಕೆ ಹೋಗುದು ಅಂತ ಇಲ್ಲೇ ಮಳೆ ನೆನೀತಾ ಇರ್ತವೆ. ಪ್ರಶ್ನೆ ಇದ್ರೆ ಕೇಳಿ, ಇಲ್ಲದಿದ್ರೆ ಚಾ ಬಂದಿದೆ.