ಕ್ಯಾನ್ಸರಿನಂತೆ ಕಾಣುವ, ಕ್ಯಾನ್ಸರ್ ಅಲ್ಲದ ಲಿವರ್ ಗಡ್ಡೆ

ಕೇಳುಗರಿಗೆ ನಮಸ್ಕಾರ.

ಹೊಟ್ಟೆನೋವಿಗೋ ಗ್ಯಾಸ್ಟ್ರಿಕ್ ತೊಂದರೆಗೋ ಅಲ್ಟ್ರಾಸೌಂಡ್ ಮಾಡಿಸಿದಾಗ ‘ಲಿವರಿನಲ್ಲಿ ಗಡ್ಡೆ ಇದೆ’ ಎಂದು ರಿಪೋರ್ಟ್ ಬರುವುದುಂಟು. ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಆದರೆ ಬೇರೆ ಕಾಯಿಲೆ ಇಲ್ಲದ ಲಿವರಿನಲ್ಲಿ ಹೀಗೆ ಅಕಸ್ಮಾತ್ತಾಗಿ ಸಿಗುವ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಎಲ್ಲಕ್ಕಿಂತ ಸಾಮಾನ್ಯವಾದದ್ದು ರಕ್ತನಾಳಗಳ ಗಡ್ಡೆ, ಹೆಮಾಂಜಿಯೋಮಾ. ಇವತ್ತು ಮಾತಾಡಬೇಕಾಗಿರುವುದು ಅದರಷ್ಟು ಸುಲಭವಾಗಿ ಗುರುತು ಸಿಗದ ಆಂಜಿಯೋಮಯೋಲಿಪೋಮಾ ಬಗ್ಗೆ. ರಕ್ತನಾಳ, ನಯ ಸ್ನಾಯು, ಕೊಬ್ಬು ಈ ಮೂರೂ ಸೇರಿ ಬೆಳೆಯುವ ಗಡ್ಡೆ ಇದು. ಮೂತ್ರಪಿಂಡದಲ್ಲಿ ಹೆಚ್ಚು, ಲಿವರಿನಲ್ಲಿ ಅಪರೂಪ. ಹೆಂಗಸರಲ್ಲೇ ಹೆಚ್ಚಾಗಿ ಕಾಣುತ್ತದೆ. ಲಿವರ್ ಕ್ಯಾನ್ಸರ್ ಎಂದು ತಪ್ಪಾಗಿ ತಿಳಿದು ಆಪರೇಷನ್ ಮಾಡಿದ ಮೇಲಷ್ಟೇ ಇದು ಗೊತ್ತಾದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿ ಸಾಕಷ್ಟಿವೆ.

ಈ ತಪ್ಪು ಎಲ್ಲಿ ಹುಟ್ಟುತ್ತದೆ? ಗಡ್ಡೆಯನ್ನಷ್ಟೇ ನೋಡಿ, ಅದರ ಸುತ್ತಲಿನ ಲಿವರನ್ನು ನೋಡದೆ ಇದ್ದಾಗ. ಲಿವರ್ ಕಲೆಗಟ್ಟಿ ಗಡುಸಾಗುವ ಸಿರೋಸಿಸ್ ಅಥವಾ ದೀರ್ಘಕಾಲದ ಹೆಪಟೈಟಿಸ್ ಬಿ ಇರುವವರಲ್ಲಿ 1 ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆಯೊಂದು ಸ್ಕ್ಯಾನಿನಲ್ಲಿ ರಕ್ತನಾಳಗಳು ಎದ್ದು ಕಾಣಲೆಂದು ಚುಚ್ಚುವ ಕಾಂಟ್ರಾಸ್ಟ್ ಔಷಧಿ ಕೊಟ್ಟ ಕೂಡಲೇ ಬೆಳ್ಳಗೆ ಹೊಳೆದು, ಆಮೇಲೆ ಸುತ್ತಲಿನ ಲಿವರಿಗಿಂತ ಕಪ್ಪಾದರೆ, ಸೂಜಿ ಹಾಕದೆಯೇ ಕ್ಯಾನ್ಸರ್ ಎಂದು ನಿರ್ಧರಿಸಬಹುದು. ಆ ನಿಯಮ ಅಂಥವರಿಗೆ ಮಾತ್ರ. ಲಿವರ್ ಚೆನ್ನಾಗಿರುವವರಿಗೆ ಅದನ್ನೇ ಹಚ್ಚುವುದು ದೊಡ್ಡ ತಪ್ಪು, ಏಕೆಂದರೆ ಆಂಜಿಯೋಮಯೋಲಿಪೋಮಾ ಕೂಡ ಥೇಟ್ ಹಾಗೆಯೇ ಹೊಳೆದು ಕಪ್ಪಾಗಬಲ್ಲದು. ಆದ್ದರಿಂದ ಮೊದಲು ರಕ್ತಪರೀಕ್ಷೆ: ಹೆಪಟೈಟಿಸ್ ಬಿ ಮತ್ತು ಸಿ, ಲಿವರ್ ಫಂಕ್ಷನ್, ಲಿವರ್ ಕ್ಯಾನ್ಸರಿನಲ್ಲಿ ಹಲವು ಸಲ ಏರುವ ಆಲ್ಫಾ ಫೀಟೋಪ್ರೋಟೀನ್ ಎಂಬ ಪ್ರೋಟೀನ್. ಈ ಗಡ್ಡೆಯಲ್ಲಿ ಆಲ್ಫಾ ಫೀಟೋಪ್ರೋಟೀನ್ ಏರುವುದಿಲ್ಲ. ಹಾಗೆಂದು ಅದು ಸರಿಯಿದ್ದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲ ಎಂದು ಹೇಳಲಾಗದು.

ಮುಂದಿನದು ಸಿ.ಟಿ. ಸ್ಕ್ಯಾನ್. ಬರೀ ‘ಹೊಟ್ಟೆಯ ಕಾಂಟ್ರಾಸ್ಟ್ ಸಿ.ಟಿ.’ ಎಂದು ಬರೆದುಕೊಟ್ಟರೆ ಎಷ್ಟೋ ಕಡೆ ಸುಮಾರು 70ನೇ ಸೆಕೆಂಡಿನಲ್ಲಿ ಒಂದೇ ಸಲ ತೆಗೆದು ಮುಗಿಸುತ್ತಾರೆ. ಅಷ್ಟರಲ್ಲಿ ಇಂಥ ಗಡ್ಡೆಯ ಹೊಳಪು ಇಳಿದು ಲಿವರಿನ ಬಣ್ಣದಲ್ಲಿ ಬೆರೆತಿರಬಹುದು. ಲಿವರಿನ ಗಡ್ಡೆಗೆಂದೇ ಕೇಳಿ ಬರೆಸಬೇಕು: ಔಷಧಿ ಕೊಡುವ ಮುಂಚೆ ಒಂದು ಸಲ, ಕೊಟ್ಟು ಸುಮಾರು 35 ಸೆಕೆಂಡಿಗೆ, 70 ಸೆಕೆಂಡಿಗೆ, ಮತ್ತೆ 3ರಿಂದ 5 ನಿಮಿಷಕ್ಕೆ. 35ನೇ ಸೆಕೆಂಡಿನ ಚಿತ್ರ ಸರಿಯಾದ ಹೊತ್ತಿಗೆ ಬಂದಿದೆಯೇ ಎಂದು ತಿಳಿಯಲು ಒಂದು ಗುರುತುಂಟು. ಕರುಳಿನಿಂದ ಲಿವರಿಗೆ ರಕ್ತ ತರುವ ಪೋರ್ಟಲ್ ರಕ್ತನಾಳದಲ್ಲಿ ಔಷಧಿ ಸ್ವಲ್ಪ ಬಂದಿರಬೇಕು, ಲಿವರಿನಿಂದ ಹೊರಹೋಗುವ ಹೆಪಾಟಿಕ್ ಅಭಿಧಮನಿಗಳಲ್ಲಿ ಇನ್ನೂ ಬಂದಿರಬಾರದು. ಆಗಲೂ ಗಡ್ಡೆಯ ಪಕ್ಕದ ಒಂದೇ ಒಂದು ಹೆಪಾಟಿಕ್ ಅಭಿಧಮನಿ ಮಾತ್ರ ಬೆಳ್ಳಗಾಗಿದ್ದರೆ, ಗಡ್ಡೆಯ ರಕ್ತ ನೇರವಾಗಿ ಅದಕ್ಕೇ ಹರಿಯುತ್ತಿದೆ ಎಂದರ್ಥ. ಆಂಜಿಯೋಮಯೋಲಿಪೋಮಾದ ಬಹಳ ಬೆಲೆಯುಳ್ಳ ಸುಳಿವು ಇದು. ಅವಸರದಲ್ಲಿ ನೋಡುವವರ ಕಣ್ಣಿಗೆ ಬೀಳುವುದಿಲ್ಲ.

ಎರಡನೆಯ ಸುಳಿವು ಕೊಬ್ಬು. ಔಷಧಿ ಕೊಡುವ ಮುಂಚಿನ ಚಿತ್ರದಲ್ಲಿ ಕಪ್ಪಾಗಿರುವ ಜಾಗದ ಮೇಲೆ ಚಿಕ್ಕ ವೃತ್ತ ಇಟ್ಟು ಅಳೆದಾಗ ಸಿ.ಟಿ.ಯ ಸಾಂದ್ರತೆಯ ಅಳತೆಯಲ್ಲಿ ಮೈನಸ್ 20 ಹೌನ್ಸ್‌ಫೀಲ್ಡ್‌ಗಿಂತ ಕೆಳಗೆ ಬಂದರೆ ಅದು ಕೊಬ್ಬು. ಇಡೀ ಗಡ್ಡೆಯ ಮೇಲೆ ದೊಡ್ಡ ವೃತ್ತ ಇಟ್ಟರೆ ಸರಾಸರಿಯಲ್ಲಿ ಕೊಬ್ಬು ಮುಚ್ಚಿಹೋಗುತ್ತದೆ. ಅನುಮಾನ ಉಳಿದರೆ ಕೊಬ್ಬನ್ನು ಅಳಿಸಿ ತೋರಿಸುವ ಸೀಕ್ವೆನ್ಸ್ ಸೇರಿಸಿ ಎಂ.ಆರ್.ಐ. ಮಾಡಿಸಬೇಕು. ಆದರೆ ಕೊಬ್ಬು ಕಂಡಿತೆಂದು ನೆಮ್ಮದಿಯಾಗಿ ಕೂರುವಂತಿಲ್ಲ. ಲಿವರ್ ಕ್ಯಾನ್ಸರಿನಲ್ಲೂ ಕೊಬ್ಬಿರಬಹುದು. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಬರುವ ಅಡಿನೋಮಾದಲ್ಲೂ ಇರಬಹುದು. ಕೊಬ್ಬು ತೀರಾ ಕಡಿಮೆ ಇರುವ ಆಂಜಿಯೋಮಯೋಲಿಪೋಮಾಗಳೂ ಇವೆ, ಗೊಂದಲ ಹೆಚ್ಚಿಸುವುದೇ ಅವು. ಲಿವರ್ ಜೀವಕೋಶಗಳು ಹೀರುವ ಗ್ಯಾಡಾಕ್ಸೆಟೇಟ್ ಔಷಧಿ ಕೊಟ್ಟು 20 ನಿಮಿಷಕ್ಕೆ ಎಂ.ಆರ್.ಐ. ತೆಗೆದರೆ, ಫೋಕಲ್ ನೋಡ್ಯುಲಾರ್ ಹೈಪರ್‌ಪ್ಲೇಸಿಯಾ ಎಂಬ ನಿರುಪದ್ರವಿ ಗಡ್ಡೆ ಬೆಳ್ಳಗೆ ಉಳಿದು ಬೇರೆಯಾಗಿ ನಿಲ್ಲುತ್ತದೆ. ಆಂಜಿಯೋಮಯೋಲಿಪೋಮಾದಲ್ಲಿ ಲಿವರ್ ಜೀವಕೋಶಗಳೇ ಇಲ್ಲ, ಹಾಗಾಗಿ ಕ್ಯಾನ್ಸರಿನ ಹಾಗೆ ಅದೂ ಕಪ್ಪಾಗುತ್ತದೆ.

ಇಲ್ಲಿಗೂ ತೀರ್ಮಾನವಾಗದಿದ್ದರೆ ಬಯಾಪ್ಸಿ. ಅದಕ್ಕೂ ಮುಂಚೆ ಎರಡನ್ನು ಖಚಿತ ಮಾಡಿಕೊಳ್ಳಬೇಕು. ಒಂದು, ಇದು ಹೆಮಾಂಜಿಯೋಮಾ ಅಲ್ಲ. ಚುಚ್ಚಿದರೆ ರಕ್ತಸ್ರಾವದ ಭಯವಿದೆ. ಎರಡು, ನೀರು ತುಂಬಿದ ಗಡ್ಡೆಯಾದರೆ ನಾಯಿಯ ಲಾಡಿಹುಳದಿಂದ ಬರುವ ಹೈಡಾಟಿಡ್ ಅಲ್ಲ. ಕುರಿ, ನಾಯಿಗಳ ಒಡನಾಟ ಇರುವವರಲ್ಲಿ ಇದನ್ನು ಕೇಳಿ ತಿಳಿಯಲೇಬೇಕು, ಒಳಗಿನ ನೀರು ಹೊಟ್ಟೆಗೆ ಸೋರಿದರೆ ಪ್ರಾಣಾಪಾಯದ ಅಲರ್ಜಿ ಬರಬಹುದು. ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೆಯೇ ಎಂದು ತಿಳಿಸುವ ಪ್ಲೇಟ್‌ಲೆಟ್, ಐ.ಎನ್.ಆರ್. ಪರೀಕ್ಷೆ ನೋಡಿ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ವೈದ್ಯರ ಸಲಹೆಯಂತೆ ನಿಲ್ಲಿಸಿ, ಅಂಗಾಂಶದ ತುಣುಕು ಕತ್ತರಿಸಿ ತರುವ 18 ಗೇಜ್ ಕೋರ್ ಸೂಜಿಯನ್ನು ಆರೋಗ್ಯವಂತ ಲಿವರಿನ ಪದರ ದಾಟಿಸಿ ಗಡ್ಡೆಗೆ ಮುಟ್ಟಿಸುತ್ತಾರೆ. ಗಡ್ಡೆಯ ತುಣುಕಿನ ಜೊತೆಗೆ ಪಕ್ಕದ ಲಿವರಿನದೂ ಒಂದು ತುಣುಕು ಬೇಕು. ತೆಳು ಸೂಜಿಯ ಎಫ್.ಎನ್.ಎ.ಸಿ. ಇಲ್ಲಿ ಸಾಲದು, ಬಿಡಿ ಜೀವಕೋಶಗಳಿಂದ ಮೂರು ಅಂಗಾಂಶಗಳ ಜೋಡಣೆ ತಿಳಿಯುವುದಿಲ್ಲ.

ಮಾಮೂಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಮೋಸ ಹೋಗುವ ಸಾಧ್ಯತೆಯಿದೆ. ಈ ಗಡ್ಡೆಯ ಎಪಿಥೀಲಿಯಾಯ್ಡ್ ಎಂಬ ದುಂಡು ಕೋಶಗಳು ಲಿವರ್ ಕ್ಯಾನ್ಸರ್ ಕೋಶಗಳಂತೆಯೇ ಕಾಣುತ್ತವೆ. ಆಗ ಕೇಳಬೇಕಾದ ಸ್ಟೇನ್‌ಗಳು, ಅಂದರೆ ಕೋಶದ ಗುರುತು ಹಿಡಿಯುವ ವಿಶೇಷ ಬಣ್ಣಗಳು, ಎಚ್.ಎಂ.ಬಿ. 45 ಮತ್ತು ಮೆಲಾನ್ ಎ. ಅವು ಪಾಸಿಟಿವ್ ಬಂದು, ಲಿವರ್ ಕೋಶದ ಹೆಪ್‌ಪಾರ್ 1 ನೆಗೆಟಿವ್ ಬಂದರೆ ಆಂಜಿಯೋಮಯೋಲಿಪೋಮಾ ಎಂದು ಖಚಿತವಾಗುತ್ತದೆ. ಪೆಥಾಲಜಿ ಫಾರ್ಮಿನಲ್ಲಿ ಬರೀ ‘ಲಿವರ್ ಗಡ್ಡೆ’ ಎಂದು ಬರೆದರೆ ಈ ಸ್ಟೇನ್‌ಗಳನ್ನು ಯಾರೂ ಹಾಕದೆ ಹೋಗಬಹುದು. ಅನುಮಾನವನ್ನು ಸ್ಪಷ್ಟವಾಗಿ ಬರೆದು ಕಳಿಸುವುದು ವೈದ್ಯರ ಕರ್ತವ್ಯ.

ಖಚಿತವಾದ ಮೇಲೆ ಮೂತ್ರಪಿಂಡಗಳನ್ನೂ ಚರ್ಮವನ್ನೂ ನೋಡಬೇಕು. ಕೆಲವರಲ್ಲಿ ಇದು ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ವಂಶವಾಹಿ ಕಾಯಿಲೆಯ ಭಾಗವಾಗಿರುತ್ತದೆ. ಗಡ್ಡೆ ಚಿಕ್ಕದಿದ್ದು ನೋವಿಲ್ಲದಿದ್ದರೆ ಸಾಮಾನ್ಯವಾಗಿ ಆಪರೇಷನ್ ಬೇಡ, ಸ್ಕ್ಯಾನ್ ಮಾಡಿಸುತ್ತಾ ಗಮನಿಸಿದರೆ ಸಾಕು. ಬೆಳೆಯುತ್ತಿದ್ದರೆ, ನೋವಿದ್ದರೆ ಅಥವಾ ಬಯಾಪ್ಸಿಯಲ್ಲೂ ಅನುಮಾನ ಉಳಿದರೆ ತೆಗೆಯಬೇಕು. ಎಪಿಥೀಲಿಯಾಯ್ಡ್ ಬಗೆಯ ಕೆಲವು ಗಡ್ಡೆಗಳು ಮುಂದೆ ಕ್ಯಾನ್ಸರಿನಂತೆ ಹರಡಿದ್ದುಂಟು, ಆದ್ದರಿಂದ ತೆಗೆದ ಮೇಲೂ ತಪಾಸಣೆ ತಪ್ಪಿಸಬಾರದು. ಸ್ಕ್ಯಾನಿನ ಸಿ.ಡಿ.ಯನ್ನು ಜೋಪಾನವಾಗಿಡಿ, ಬಯಾಪ್ಸಿಯ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಯಾವ ಲ್ಯಾಬಿನಲ್ಲಿದೆ, ಅದರ ನಂಬರ್ ಏನು ಎಂದು ಬರೆದಿಟ್ಟುಕೊಳ್ಳಿ. ಎರಡನೇ ಅಭಿಪ್ರಾಯ ಕೇಳುವಾಗ ಹೊಸದಾಗಿ ಚುಚ್ಚಿಸಿಕೊಳ್ಳದೆ ಅದೇ ಬ್ಲಾಕಿನಿಂದ ಉಳಿದ ಸ್ಟೇನ್‌ಗಳನ್ನು ಮಾಡಿಸಬಹುದು.