ಲೈಂಗಿಕ ಸಂಪರ್ಕದ ನಂತರದ ರಕ್ತಸ್ರಾವ: ಮೊದಲು ಗರ್ಭಕಂಠವನ್ನು ನೋಡಬೇಕು

ಕೇಳುಗರಿಗೆ ನಮಸ್ಕಾರ. ಲೈಂಗಿಕ ಸಂಪರ್ಕದ ನಂತರ ರಕ್ತ ಕಾಣಿಸಿಕೊಂಡರೆ ಅದನ್ನು ಮುಟ್ಟಿನ ಏರುಪೇರೆಂದು ಭಾವಿಸಿ ಸುಮ್ಮನಿರಬೇಡಿ. ವೈದ್ಯರಲ್ಲಿಗೆ ಹೋಗಿ, ರಕ್ತ ಯಾವಾಗ ಕಂಡಿತೆಂಬುದನ್ನು ಬಿಡಿಸಿ ಹೇಳಿ, ಗರ್ಭಕಂಠವನ್ನು ಪರೀಕ್ಷಿಸುವಂತೆ ಕೇಳಿ. ಈ ಮಾತನ್ನು ನಾನು ಇಂದು ಮತ್ತೆ ಮತ್ತೆ ಹೇಳಲಿದ್ದೇನೆ.

ಗರ್ಭಕಂಠವು ಗರ್ಭಕೋಶದ ಕೆಳತುದಿ. ಅಲ್ಲಿ ಕ್ಲಮೈಡಿಯಾದಂಥ ಸೋಂಕಿನಿಂದ ಉರಿಯೂತವಿದ್ದರೂ, ಪಾಲಿಪ್ ಎಂಬ ಮೆತ್ತನೆಯ ಗಂಟು ಬೆಳೆದಿದ್ದರೂ, ಒಳಗಿನ ನಾಜೂಕಾದ ಪದರ ಹೊರಮೈಗೆ ಹರಡಿಕೊಂಡಿದ್ದರೂ, ತಾಗಿದಾಗ ರಕ್ತ ಜಿನುಗುತ್ತದೆ. ಮುಟ್ಟು ನಿಂತವರಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನ್ ಕಡಿಮೆಯಾಗಿ ಯೋನಿಯ ಒಳಪದರವೇ ತೆಳುವಾಗಿರುತ್ತದೆ. ಇವೆಲ್ಲಕ್ಕೂ ಚಿಕಿತ್ಸೆಯಿದೆ. ಆದರೆ ಗರ್ಭಕಂಠದ ಕ್ಯಾನ್ಸರ್ ಕೂಡ ಎಷ್ಟೋ ಬಾರಿ ಹೀಗೆಯೇ ಕಾಣಿಸಿಕೊಳ್ಳುವುದರಿಂದ, ನೋಡದೆ ಔಷಧ ಬರೆಯುವುದನ್ನು ನಾನು ಒಪ್ಪಲಾರೆ.

ನನ್ನಲ್ಲಿಗೆ ಬಂದಿದ್ದ ಒಬ್ಬ ಮಹಿಳೆಯ ವಿಷಯ ಹೇಳಬೇಕು. ನಲವತ್ತು ದಾಟಿದ್ದ ಆಕೆಯ ದಪ್ಪ ಕಡತದಲ್ಲಿ ಸ್ಕ್ಯಾನ್ ವರದಿ, ರಕ್ತಪರೀಕ್ಷೆ, ಹಾರ್ಮೋನ್ ಮಾತ್ರೆಗಳ ಚೀಟಿ ಎಲ್ಲವೂ ಇದ್ದವು. ಪ್ರತಿ ಚೀಟಿಯ ಮೇಲೂ ಅನಿಯಮಿತ ಮುಟ್ಟು ಎಂದೇ, ಅದರ ಸಂಕೇತವಾದ ಎನ್ 92.6 ಸಮೇತ ಬರೆದಿತ್ತು. ರಕ್ತ ಯಾವಾಗ ಕಾಣುತ್ತದೆಂದು ಕೇಳಿದೆ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಯಜಮಾನರ ಜೊತೆ ಸೇರಿದ ಮೇಲೆ ಮಾತ್ರ ಡಾಕ್ಟ್ರೇ, ಇದನ್ನ ಯಾರೂ ಕೇಳಿರಲಿಲ್ಲ" ಎಂದರು. ಯೋನಿಯನ್ನು ಅಗಲಿಸಿ ಒಳಗೆ ನೋಡುವ ಸ್ಪೆಕ್ಯುಲಮ್ ಎಂಬ ಸಾಧನ ಇಟ್ಟು ದೀಪ ಹಿಡಿದಾಗ, ಗರ್ಭಕಂಠದ ಬಾಯಲ್ಲಿ ದಾಳಿಂಬೆ ಕಾಳಿನಂಥ ಕೆಂಪು ಪಾಲಿಪ್ ತೂಗುತ್ತಿತ್ತು. ಹತ್ತಿ ತಾಗಿಸಿದೊಡನೆ ರಕ್ತ ಒಸರಿತು. ಇಕ್ಕಳದಿಂದ ಹಿಡಿದು ತಿರುಚಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿದೆವು. ಕ್ಯಾನ್ಸರ್ ಅಲ್ಲವೆಂದು ವರದಿ ಬಂತು, ರಕ್ತಸ್ರಾವವೂ ನಿಂತಿತು. ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದ ಆಕೆಯನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ.

ದಾಖಲೆ ಬರೆಯುವ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಕಾಯಿಲೆಗಳಿಗೆ ಸಂಕೇತ ಕೊಡುವ ಅಂತರರಾಷ್ಟ್ರೀಯ ಪಟ್ಟಿಯಾದ ಐಸಿಡಿ-10ರಲ್ಲಿ, ಸಂಪರ್ಕದ ನಂತರದ ರಕ್ತಸ್ರಾವವೆಂಬ ಈ ಲಕ್ಷಣಕ್ಕೆ ಎನ್ 93.0 ಎಂಬ ಪ್ರತ್ಯೇಕ ಸಂಕೇತವಿದೆ. ಅದನ್ನೇ ಬರೆದರೆ ಮುಂದೆ ನೋಡುವ ವೈದ್ಯರು ನೇರವಾಗಿ ಗರ್ಭಕಂಠದತ್ತ ಗಮನ ಹರಿಸುತ್ತಾರೆ. ಕಾರಣ ಖಚಿತವಾದ ಮೇಲೆ ಆ ಕಾಯಿಲೆಯ ಸಂಕೇತ ಬರಲಿ: ಗರ್ಭಕಂಠದ ಪಾಲಿಪ್‌ಗೆ ಎನ್ 84.1, ಉರಿಯೂತಕ್ಕೆ ಎನ್ 72.

ಚಿಕಿತ್ಸೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸೋಂಕಿಗೆ ಆ್ಯಂಟಿಬಯಾಟಿಕ್ ಕೊಡುತ್ತೇವೆ, ಲೈಂಗಿಕವಾಗಿ ಹರಡುವ ಸೋಂಕಾದರೆ ಸಂಗಾತಿಗೂ ಚಿಕಿತ್ಸೆ ಆಗಲೇಬೇಕು. ತೆಳುವಾದ ಒಳಪದರಕ್ಕೆ ಈಸ್ಟ್ರೋಜನ್ ಕ್ರೀಮ್ ಇದೆ. ಕಣ್ಣಿಗೆ ಕಾಣುವ ಹುಣ್ಣು ಅಥವಾ ಗಡ್ಡೆಯಿದ್ದರೆ, ಪ್ಯಾಪ್ (ಗರ್ಭಕಂಠದಿಂದ ಸವರಿ ತೆಗೆದ ಜೀವಕೋಶಗಳ ಪರೀಕ್ಷೆ) ವರದಿ ಸರಿಯಿದೆಯೆಂದು ಬಿಡದೆ ಬಯಾಪ್ಸಿ, ಅಂದರೆ ಅಲ್ಲಿನ ಚೂರು ತೆಗೆದು ಪರೀಕ್ಷೆ, ಮಾಡಬೇಕು. ನೋಡದೆ ಇದಾವುದೂ ತಿಳಿಯುವುದಿಲ್ಲ.

ಪ್ಯಾಪ್ ಪರೀಕ್ಷೆಗೆ ಬರುವ ಹಿಂದಿನ ಎರಡು ದಿನ ಸಂಪರ್ಕವಾಗಲಿ, ಯೋನಿಯೊಳಗೆ ಹಚ್ಚುವ ಔಷಧವಾಗಲಿ, ಒಳಗೆ ತೊಳೆಯುವುದಾಗಲಿ ಬೇಡ. ರಕ್ತ ಧಾರಾಳವಾಗಿ ಹೋಗುತ್ತಿದ್ದರೆ, ಇಲ್ಲವೇ ನೀವು ಗರ್ಭಿಣಿಯಾಗಿದ್ದರೆ, ಅಪಾಯಿಂಟ್‌ಮೆಂಟ್‌ಗಾಗಿ ಕಾಯದೆ ಅಂದೇ ಆಸ್ಪತ್ರೆಗೆ ಹೊರಡಿ.